ಬಾರ್ನಬನನ್ನೂ ಸೇರಿಸಿಕೊಳ್ಳಿ

ನಂಬಿಕೆಯ ಬದುಕು ಕಲಿಯೋಕೆ ಅಬ್ರಹಾಮ, ದಾವೀದ, ಪೌಲ ಈ ಮೂವರನ್ನು ನೋಡಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಚೆನ್ನಾಗಿದೆ. ಆದರೆ ಪೌಲನ ಹೆಸರು ಬಂದ ಕಡೆ ಅವನ ಜೊತೆ ಸೇವೆ ಮಾಡಿದ ಬಾರ್ನಬನ ಹೆಸರು ಬರಲೇಬೇಕು ಅನ್ನೋದು ನನ್ನ ಆಸೆ.

ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು ಪುಸ್ತಕದ 9ನೇ ಅಧ್ಯಾಯ ತೆಗೆದು ನೋಡಿ. ಸೌಲ (ಪೌಲನ ಇನ್ನೊಂದು ಹೆಸರು) ಯೆರೂಸಲೇಮಿಗೆ ಬಂದಾಗ ಯೇಸುವಿನ ಶಿಷ್ಯರೆಲ್ಲ ಹೆದರುತ್ತಾರೆ. ಹೆದರದೆ ಇರ್ತಾರಾ? ಮನೆಮನೆಗೆ ನುಗ್ಗಿ, ಯೇಸುವನ್ನು ನಂಬಿದವರನ್ನು ಗಂಡಸರು ಹೆಂಗಸರು ಎನ್ನದೆ ಎಳೆದೊಯ್ದು ಸೆರೆಮನೆಗೆ ಹಾಕಿಸಿದವನು ಅವನು. ಅಂಥವನನ್ನು ಅಪೊಸ್ತಲರ ಹತ್ತಿರ ಕರೆದುಕೊಂಡು ಹೋಗಿ, ದಮಸ್ಕದ ದಾರಿಯಲ್ಲಿ ಇವನು ಕರ್ತನಾದ ಯೇಸುವನ್ನು ಕಂಡಿದ್ದಾನೆ ಎಂದು ಅವನ ಪರವಾಗಿ ಮಾತಾಡಿದ್ದು ಬಾರ್ನಬ. ದೇವರು ಯಾರನ್ನಾದರೂ ಬದಲಾಯಿಸಬಲ್ಲ ಎಂದು ನಾವೆಲ್ಲ ಹೇಳುತ್ತೇವೆ. ನಮಗೆ ಕೇಡು ಮಾಡಿದವನೇ ಬದಲಾಗಿ ಎದುರಿಗೆ ಬಂದು ನಿಂತಾಗ ನಂಬೋದು ಜಾಸ್ತಿ ಕಷ್ಟ, ಅಲ್ವಾ?

ಮುಂದೆ ಅಂತಿಯೋಕ್ಯ ಪಟ್ಟಣದ ಕ್ರೈಸ್ತ ಸಭೆ ಬೆಳೆದಾಗ ಬಾರ್ನಬನೇ ತಾರ್ಸ ಪಟ್ಟಣಕ್ಕೆ ಹೋಗಿ ಸೌಲನನ್ನು ಹುಡುಕಿ ಕರೆತಂದ.

ಮಾರ್ಕನ ವಿಷಯದಲ್ಲೂ ಹಾಗೇ. ಪೌಲ, ಬಾರ್ನಬ ಸುವಾರ್ತೆ ಸಾರಲು ಹೊರಟ ಮೊದಲ ಪ್ರಯಾಣದಲ್ಲಿ ಅರ್ಧಕ್ಕೇ ಬಿಟ್ಟು ಹೋದ ಹುಡುಗನನ್ನು ಮತ್ತೆ ಕರೆದುಕೊಳ್ಳೋದು ಬೇಡವೇ ಬೇಡ ಎಂದು ಪೌಲ ಹಟ ಹಿಡಿದ. ಬಾರ್ನಬ ಬಿಡಲಿಲ್ಲ. ಮಾತಿಗೆ ಮಾತು ಬೆಳೆದು ಇಬ್ಬರೂ ಬೇರೆಯಾದರು. ಬಾರ್ನಬ ಮಾರ್ಕನನ್ನೇ ಕರೆದುಕೊಂಡು ಸೈಪ್ರಸ್‌ಗೆ ಹಡಗು ಹತ್ತಿದ. ಅದೇ ಮಾರ್ಕನನ್ನು ಕರೆದುಕೊಂಡು ಬಾ, ನನ್ನ ಸೇವೆಗೆ ಅವನು ಬೇಕು ಎಂಬ ಅರ್ಥದ ಮಾತು ಮುಂದೆ ತಿಮೊಥೆಗೆ ಬರೆದ ಎರಡನೆಯ ಪತ್ರದಲ್ಲಿ (2 ತಿಮೊಥೆ 4:11) ಪೌಲನ ಬಾಯಿಂದಲೇ ಬರುತ್ತದೆ!

ಸಂಡೇ ಸ್ಕೂಲಿನ ಮಕ್ಕಳಿಗೆ ದಾವೀದ ಸೋಲಿಸಿದ ಗೊಲ್ಯಾತನ ಕಥೆ ಬಾಯಿಪಾಠ ಇರುತ್ತದೆ. ಬಾರ್ನಬನ ಕಥೆಯನ್ನೂ ದಯವಿಟ್ಟು ಹೇಳಿಕೊಡಿ.