ಘಾಟಿಯಲ್ಲಿ ಒತ್ತಿದರೂ ಓಡದ ಹೈಬ್ರಿಡ್

ಆಕ್ಸಿಲರೇಟರ್ ಒತ್ತಿದರೆ ಕಾರು ಮುಂದೆ ಹೋಗಬೇಕು. ನಾನು ಕೇಳುತ್ತಿರುವುದು ಇಷ್ಟೇ. ಲಕ್ಷ ಲಕ್ಷ ಸುರಿದು ತಂದ, ಪೆಟ್ರೋಲ್ ಎಂಜಿನ್ ಜೊತೆ ಕರೆಂಟ್ ಮೋಟಾರೂ ಇರುವ ಹೈಬ್ರಿಡ್ ಕಾರು ಶಿರಾಡಿ ಘಾಟಿಯಲ್ಲಿ ಲಾರಿ ಹಿಂದಿಕ್ಕಲು ಹೋದರೆ ಮೊದಲು ಕಿರುಚುತ್ತದೆ, ಆಮೇಲೆ ನಿಧಾನಕ್ಕೆ ವೇಗ ಹಿಡಿಯುತ್ತದೆ. ಅಷ್ಟರಲ್ಲಿ ಎದುರಿನ ತಿರುವಿನಿಂದ ಟ್ಯಾಂಕರ್ ಬಂದಿರುತ್ತದೆ! ಪಕ್ಕದಲ್ಲಿ ಕೂತ ಅಮ್ಮ ಸೀಟು ಗಟ್ಟಿಯಾಗಿ ಹಿಡಿದುಕೊಂಡಿರುತ್ತಾರೆ.

ಊರೊಳಗೆ ಈ ಕಾರು ಬಂಗಾರ, ಅದರಲ್ಲಿ ಎರಡು ಮಾತಿಲ್ಲ. ಸಿಗ್ನಲ್ ಬಿಟ್ಟ ಕೂಡಲೇ ಮೋಟಾರ್ ಎಳೆಯುತ್ತದೆ, ಸದ್ದೇ ಇಲ್ಲ. ಶೋರೂಮಿನವರು ಟೆಸ್ಟ್ ಡ್ರೈವ್ ಕೊಡುವುದೂ ಅಂಥ ಸಪಾಟು ರಸ್ತೆಯಲ್ಲೇ. ಐದು ಜನ, ಡಿಕ್ಕಿ ತುಂಬ ಲಗೇಜು, ಎಸಿ ಹಾಕಿಕೊಂಡು ಗುಂಡ್ಯದಿಂದ ಸಕಲೇಶಪುರಕ್ಕೆ ಹತ್ತಿದರೆ ಏನಾಗುತ್ತದೆ ಅಂತ ಒಬ್ಬರೂ ಬಾಯಿ ಬಿಡಲಿಲ್ಲ.

ಲೆಕ್ಕ ನೋಡಿ. ನನ್ನ ಕಾರಿನ ಎಂಜಿನ್ 92 ಪಿಎಸ್ (ಅಂದರೆ ಹಾರ್ಸ್ ಪವರ್ ಥರದ ಶಕ್ತಿಯ ಅಳತೆ), ಮೋಟಾರ್ 80. ಕೂಡಿದರೆ 172 ಅಲ್ವಾ? ಸಿಗುವುದು 115ರ ಆಸುಪಾಸು. ಯಾಕೆಂದರೆ ಮೋಟಾರಿಗೆ ಕರೆಂಟ್ ಕೊಡುವ ಬ್ಯಾಟರಿ ಅಷ್ಟು ಚಿಕ್ಕದು. ಮನೆ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಒಂದು ಯೂನಿಟ್ ಕೂಡ ಹಿಡಿಯುವುದಿಲ್ಲ! ಉದ್ದದ ಏರಿನಲ್ಲಿ ಅದರ ಚಾರ್ಜ್ ಇಳಿದರೆ ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನೇ ಗತಿ. ಆ ಎಂಜಿನ್ನೋ ಮೈಲೇಜಿಗಾಗಿ ಅಟ್ಕಿನ್ಸನ್ ಸೈಕಲ್ ಅನ್ನುವ, ಶಕ್ತಿ ಬಿಟ್ಟು ಪೆಟ್ರೋಲ್ ಉಳಿಸುವ ವಿಧಾನದಲ್ಲಿ ಓಡುವಂಥದ್ದು, ಕಡಿಮೆ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಎಳೆತ ಸಾಲದು. ಶಕ್ತಿ ಬೇಕಾದರೆ ಆರ್‌ಪಿಎಂ ಏರಲೇಬೇಕು. ಅದಕ್ಕೇ ಆ ಕಿರುಚಾಟ. ನನ್ನ ಹಳೇ ಡೀಸೆಲ್ ಕಾರಿನಲ್ಲಾದರೆ ಥರ್ಡ್ ಗೇರಿಗೆ ಇಳಿಸಿ ದಾಟುತ್ತಿದ್ದೆ. ಈ ಕಾರಿನ ಇ-ಸಿವಿಟಿ ಅನ್ನುವ ಆಟೋಮ್ಯಾಟಿಕ್ ವ್ಯವಸ್ಥೆಯಲ್ಲಿ ಇಳಿಸೋಣ ಅಂದರೆ ಫಸ್ಟ್, ಸೆಕೆಂಡ್ ಅನ್ನುವ ಗೇರೇ ಇಲ್ಲ.

ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ, "ಹೈಬ್ರಿಡ್ ಅಂದ್ರೆ ಹಾಗೇ ಸಾರ್, ಪವರ್ ಮೋಡ್ ಹಾಕಿ" ಅಂತಾರೆ. ಹಾಕಿದ್ದೇನೆ ಕಣ್ರೀ! ಅರ್ಧ ಒತ್ತಿದಾಗ ಸ್ವಲ್ಪ ಚುರುಕಾಗುತ್ತದೆ, ನಿಜ. ಪೂರ್ತಿ ಒತ್ತಿದ ಮೇಲೆ ಯಾವ ಮೋಡ್ ಆದರೇನು? ಇಲ್ಲದ ಶಕ್ತಿ ಬಟನ್ ಒತ್ತಿದರೆ ಬರುತ್ತದಾ? "ಹಾಗೇ" ಅನ್ನುವುದು ಗೊತ್ತಿದ್ದರೆ ದುಡ್ಡು ಕಟ್ಟಿಸಿಕೊಳ್ಳುವ ಮೊದಲು ಯಾಕೆ ಹೇಳಲಿಲ್ಲ?

ಲೀಟರಿಗೆ 27 ಕಿಲೋಮೀಟರ್ ಅಂತ ದೊಡ್ಡದಾಗಿ ಬರೆಯಲು ಬರುತ್ತದೆ. ತುಂಬಿದ ಕಾರು, ಇಳಿದ ಬ್ಯಾಟರಿ, ಏರು ರಸ್ತೆ, ಆಗ 40ರಿಂದ 80ಕ್ಕೆ ಹೋಗಲು ಎಷ್ಟು ಸೆಕೆಂಡ್ ಬೇಕು ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ. ಪ್ರಾಣದ ಪ್ರಶ್ನೆ ಇರುವುದು ಅಲ್ಲಿ.

ಕೊಳ್ಳಲು ಹೊರಟವರು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಏರು ರಸ್ತೆಯಲ್ಲೇ ಟೆಸ್ಟ್ ಡ್ರೈವ್ ಕೇಳಿ. ಕೊಡುವುದಿಲ್ಲ ಅಂದರೆ ಅಡ್ವಾನ್ಸ್ ಕಟ್ಟಬೇಡಿ.