ಜೋಳದ ಹೊಲಕ್ಕೆ ಬೀಳುವ ಗುಲಾಬಿ ಹಿಂಡು

ಹಿಂಗಾರಿ ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಜೇವರ್ಗಿ, ಅಫಜಲಪುರ ಕಡೆಯ ರೈತರ ಬಾಯಲ್ಲಿ ಒಂದೇ ಮಾತು: ಹಕ್ಕಿ ಕಾಟ ಹೆಚ್ಚಾಯಿತು. ಬೈಗುಳದ ಬಹುಪಾಲು ಗುಲಾಬಿ ಮೈನಾಗಳಿಗೇ. ನಾನೂ ಜೋಳ ಬೆಳೆಯುವವನು, ನಷ್ಟ ಏನೆಂದು ಬಲ್ಲೆ. ಆದರೂ ತಪ್ಪನ್ನೆಲ್ಲ ಹಕ್ಕಿಯ ತಲೆಗೆ ಕಟ್ಟುವುದನ್ನು ಒಪ್ಪಲಾರೆ.

ಇವು ಮರಿ ಮಾಡುವುದು ಕಜಕಸ್ತಾನ, ತುರ್ಕಮೆನಿಸ್ತಾನದಂಥ ಮಧ್ಯ ಏಷ್ಯಾದ ಹುಲ್ಲುಗಾವಲು ನಾಡುಗಳಲ್ಲಿ. ಮಿಡತೆ ಹೇರಳವಾಗಿ ಎದ್ದ ಕಡೆ ಸಾವಿರಾರು ಜೋಡಿಗಳು ಕಲ್ಲುಗುಪ್ಪೆಗಳ ಸಂದಿನಲ್ಲಿ ಒಟ್ಟಿಗೆ ಗೂಡು ಹಾಕುತ್ತವೆ. ಮರಿಗಳ ಹೊಟ್ಟೆ ತುಂಬುವುದು ಹೆಚ್ಚಾಗಿ ಮಿಡತೆಯಿಂದ. ಚೀನಾದ ಷಿನ್‌ಜಿಯಾಂಗ್‌ನಲ್ಲಿ 1980ರ ದಶಕದಿಂದ ಮಿಡತೆ ಹಾವಳಿ ತಡೆಯಲೆಂದೇ ಇವುಗಳಿಗೆ ಕಲ್ಲಿನ ಗೂಡು ಕಟ್ಟಿಸಿಕೊಟ್ಟಿದ್ದಾರೆ. ಅಲ್ಲಿನ ಸಂಸಾರ ಬೇಗ ಮುಗಿಯುತ್ತದೆ. ಜುಲೈ, ಆಗಸ್ಟ್‌ನಿಂದಲೇ ಭಾರತಕ್ಕೆ ಬರತೊಡಗಿ ಏಪ್ರಿಲ್‌ವರೆಗೂ ಇರುತ್ತವೆ. ಅಂದರೆ ವರ್ಷದ ಹೆಚ್ಚು ಕಾಲ ಅವು ಇಲ್ಲಿಯವೇ. ನಾವು ಸೀತನಿ ಎಂದು ಎಳೆ ತೆನೆ ಸುಟ್ಟು ತಿನ್ನುವ ಕಾಳಿನ ರುಚಿ ಅವಕ್ಕೂ ಹತ್ತಿದೆ.

ಒಮ್ಮೆ ಹತ್ತಿರದಿಂದ ನೋಡಿ. ಬಂದ ಹೊಸದರಲ್ಲಿ ಬಣ್ಣ ಮಾಸಿರುತ್ತದೆ. ಎಳೆಯವಂತೂ ಬರೀ ಮಣ್ಣುಬಣ್ಣ, ಹಳದಿ ಕೊಕ್ಕು. ದೊಡ್ಡವುಗಳ ಗರಿಯ ಕಂದು ಅಂಚು ಸವೆಯುತ್ತ ಹೋಗಿ, ಮುತ್ತುಗ ಹೂ ಬಿಡುವ ಕಾಲಕ್ಕೆ ಮೈ ಗುಲಾಬಿ, ತಲೆ ಮತ್ತು ರೆಕ್ಕೆ ಮಿರುಗುವ ಕಪ್ಪು. ಆ ಹೂವಿನ ಮಕರಂದ ಹೀರಿ ತಲೆಯೆತ್ತಿದಾಗ ಹಣೆಗೆ ಪರಾಗ ಮೆತ್ತಿರುತ್ತದೆ. ಹೊಲದಲ್ಲಿ ಹುಳ ಹೆಕ್ಕುವಾಗ ಹಿಂದಿನವು ಮುಂದಿನವನ್ನು ಹಾರಿ ದಾಟಿ ಇಳಿಯುತ್ತವೆ. ಹಿಂಡಿಗೆ ಹಿಂಡೇ ಉರುಳುತ್ತ ಸಾಗಿದಂತೆ ಕಾಣುತ್ತದೆ. ತಿಂದ ತೆನೆಯನ್ನು ಎಣಿಸುವ ನಾವು ಹೆಕ್ಕಿದ ಹುಳವನ್ನು ಎಣಿಸುವುದಿಲ್ಲ.

ಕಾಟ ಹೆಚ್ಚಿದಂತೆ ಕಾಣಲು ನನ್ನ ಪ್ರಕಾರ ಕಾರಣ ಬೇರೆಯೇ ಇದೆ. ಮೊದಲು ಕಣ್ಣು ಹಾಯಿಸಿದಷ್ಟೂ ಜೋಳವಿತ್ತು, ಹಿಂಡು ಹರಡಿಕೊಳ್ಳುತ್ತಿತ್ತು. ಈಗ ತೊಗರಿ, ಹತ್ತಿ, ಕಬ್ಬಿನ ನಡುವೆ ಉಳಿದ ಎರಡೆಕರೆ ಜೋಳದ ಮೇಲೆ ಇಡೀ ಹಿಂಡು ಎರಗುತ್ತದೆ. ಅಟ್ಟಣೆಯ ಮೇಲೆ ನಿಂತು ಕವಣೆ ಬೀಸುತ್ತಿದ್ದ ಹುಡುಗರು ಶಾಲೆಯಲ್ಲಿದ್ದಾರೆ, ಇರಲೇಬೇಕು. ಕೂಲಿ ಕೊಟ್ಟು ಕಾಯಿಸಿದರೆ ಬೆಳೆದ ಜೋಳದ ದುಡ್ಡು ಅದಕ್ಕೇ ಹೋಗುತ್ತದೆ.

ಕವಣೆ ಬೀಸಿ, ತಗಡು ಬಡಿಯಿರಿ, ನನ್ನ ತಕರಾರಿಲ್ಲ. ವಿಷವಿಡುವುದು, ಬಲೆ ಹಾಕುವುದು, ಹಕ್ಕಿ ಕೂರುತ್ತದೆಂದು ಬದುವಿನ ಬೇವು, ಜಾಲಿ ಕಡಿಯುವುದು ಮಾತ್ರ ಬೇಡವೇ ಬೇಡ. ಅಕ್ಕಪಕ್ಕದವರು ಮಾತಾಡಿಕೊಂಡು ಜೋಳವನ್ನು ಒಂದೇ ಕಡೆ, ಒಂದೇ ವಾರದಲ್ಲಿ ಬಿತ್ತಿದರೆ ನಷ್ಟವೂ ಹಂಚಿಹೋಗುತ್ತದೆ, ಕಾಯುವ ಕೂಲಿಯೂ ಹಂಚಿಹೋಗುತ್ತದೆ. ನಮ್ಮ ಸೀಮೆಯಲ್ಲಿ ಇದಕ್ಕೆ ಒಪ್ಪುವವರಿದ್ದರೆ ಉತ್ತರಿ ಮಳೆಗೆ ಮೊದಲೇ ತಿಳಿಸಿ. ಒಟ್ಟಿಗೆ ಕುಳಿತು ಮಾತಾಡೋಣ.