ದೆವ್ವ ಒಂದೇ, ಬಣ ಎರಡು

ಚಿಕ್ಕಮಗಳೂರಿನಲ್ಲಿ ಬಣಗಳಿಗೆ ಬರ ಇಲ್ಲ. ಪಕ್ಷದಲ್ಲಿ ಬಣ, ಸೊಸೈಟಿಯಲ್ಲಿ ಬಣ, ದೇವಸ್ಥಾನದ ಕಮಿಟಿಯಲ್ಲಿ ಬಣ, ಬೆಳೆಗಾರರಲ್ಲಿ ಅರೇಬಿಕಾದವರು ಬೇರೆ, ರೊಬಸ್ಟಾದವರು ಬೇರೆ. ಇದಿಷ್ಟು ಸಾಲದು ಅಂತ ಈಗ ಅಂಟಾರ್ಕ್ಟಿಕಾದ ಹಿಮದೊಳಗೆ ಹೂತು ಹೋಗಿದ್ದ ಒಂದು ಜೀವಿಯ ವಿಚಾರಕ್ಕೂ ಊರು ಇಬ್ಭಾಗ ಆಗಿದೆ. ಊರು ಅಂದ್ರೆ ಪೂರ್ತಿ ಊರಲ್ಲ, ಐ.ಜಿ. ರಸ್ತೆ ಕಡೆಯ ಒಂದು ಹೋಟೆಲಿನ ಹಿಂದಿನ ಎರಡು ಟೇಬಲ್ಲು. ಆದರೆ ಗಲಾಟೆ ಕೇಳಿದವರಿಗೆ ಪೂರ್ತಿ ಊರೇ ಅನ್ನಿಸುತ್ತದೆ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. 1982ರಲ್ಲಿ ಜಾನ್ ಕಾರ್ಪೆಂಟರ್ ‘ದ ಥಿಂಗ್’ ಅಂತ ಒಂದು ಸಿನಿಮಾ ಮಾಡಿದ. ಅಂಟಾರ್ಕ್ಟಿಕಾದಲ್ಲಿ ಅಮೆರಿಕದವರ ಒಂದು ಕ್ಯಾಂಪು, ಅದರಲ್ಲಿ 12 ಜನ ಗಂಡಸರು. ಒಂದು ನಾಯಿ ಹಿಮದಲ್ಲಿ ಓಡಿ ಬರುತ್ತದೆ. ಅದರ ಹಿಂದೆ ನಾರ್ವೆಯವರ ಹೆಲಿಕಾಪ್ಟರು, ಅದರಲ್ಲಿ ಕೂತವನು ನಾಯಿಗೆ ಗುಂಡು ಹೊಡೆಯುತ್ತಲೇ ಬರುತ್ತಾನೆ. ಅಯ್ಯೋ ಪಾಪ ಅಂತ ಅಮೆರಿಕದವರು ನಾಯಿಯನ್ನು ಉಳಿಸಿಕೊಳ್ಳುತ್ತಾರೆ. ಅಲ್ಲಿಗೆ ಅವರ ಕಥೆ ಮುಗಿಯಿತು. ಯಾಕಂದ್ರೆ ಅದು ನಾಯಿಯೇ ಅಲ್ಲ. ಬೇರೆ ಲೋಕದಿಂದ ಬಂದ ಒಂದು ಜೀವಿ, ಯಾರನ್ನು ನುಂಗುತ್ತದೋ ಅವರದ್ದೇ ರೂಪ ತಾಳಿ ಪಕ್ಕದಲ್ಲಿ ಬಂದು ಕೂರುತ್ತದೆ. ಯಾರು ನಮ್ಮವರು, ಯಾರು ಅದು, ಗೊತ್ತಾಗುವುದಿಲ್ಲ. ಕರ್ನಾಟಕದ ರಾಜಕೀಯ ನೋಡಿ ಬೆಳೆದವರಿಗೆ ಇದರಲ್ಲಿ ಹೆದರುವಂಥದ್ದು ಏನಿದೆ ಅಂತ ಅನ್ನಿಸಬಹುದು, ಆದರೂ ಹೆದರಿಕೆ ಆಗುತ್ತದೆ.

ಆ ನಾರ್ವೆಯವರ ಕ್ಯಾಂಪಿನಲ್ಲಿ ಅದಕ್ಕೂ ಮೊದಲು ಏನಾಗಿತ್ತು ಅಂತ ಹೇಳುವುದಕ್ಕೆ 2011ರಲ್ಲಿ ಇನ್ನೊಂದು ಸಿನಿಮಾ ಬಂತು. ಇಂಥ ಹಿಂದಿನ ಕಥೆಯ ಸಿನಿಮಾಕ್ಕೆ ಪ್ರೀಕ್ವೆಲ್ ಅನ್ನುತ್ತಾರೆ. ಹೆಸರು ಏನಿಟ್ಟರು ಗೊತ್ತಾ? ಅದೇ ‘ದ ಥಿಂಗ್’. ಅಪ್ಪನಿಗೂ ಮಗನಿಗೂ ಒಂದೇ ಹೆಸರು, ಅದರಲ್ಲೂ ಕಥೆಯ ಲೆಕ್ಕದಲ್ಲಿ ಮಗನೇ ಅಪ್ಪನಿಗಿಂತ ದೊಡ್ಡವನು. ಅವತ್ತು ಶುರುವಾದ ಜಗಳ ಇವತ್ತಿಗೂ ಮುಗಿದಿಲ್ಲ.

ನಮ್ಮ ಊರಿನಲ್ಲಿ 82ರ ಬಣದ ನಾಯಕರು ಒಬ್ಬ ನಿವೃತ್ತ ಮೇಷ್ಟ್ರು. ವಿಸಿಆರ್ ಬಾಡಿಗೆಗೆ ತಂದು ರಾತ್ರಿಯೆಲ್ಲಾ ಕ್ಯಾಸೆಟ್ ಹಾಕುತ್ತಿದ್ದ ಕಾಲದಲ್ಲಿ ಅವರು ಈ ಸಿನಿಮಾ ನೋಡಿದವರು. ಟೇಪು ಸವೆದು ಅರ್ಧ ಸಿನಿಮಾ ಗೀಚು ಗೀಚಾಗಿ ಕಾಣುತ್ತಿತ್ತಂತೆ. ಅದಕ್ಕೇ ಜಾಸ್ತಿ ಭಯ ಆಯ್ತು ಅಂತ ಈಗಲೂ ಹೇಳುತ್ತಾರೆ. 2011ರ ಬಣಕ್ಕೆ ನಾಯಕ ಅವರದ್ದೇ ಅಕ್ಕನ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಈಗ ಆಲ್ದೂರಿನ ಹತ್ತಿರ ತೋಟದಲ್ಲಿ ಕೂತು ಲ್ಯಾಪ್‌ಟಾಪ್ ಕುಟ್ಟುತ್ತಾನೆ. ಮಾವ ಅಳಿಯ ತೋಟದ ಪಾಲಿನ ವಿಚಾರಕ್ಕೆ ಒಂದು ದಿನವೂ ಮುಖ ಕೆಡಿಸಿಕೊಂಡವರಲ್ಲ. ಮಲೆನಾಡಿನಲ್ಲಿ ಅದೇ ಒಂದು ದೊಡ್ಡ ಸಾಧನೆ. ಅಂಥವರು ಈಗ ಬೇರೆ ಬೇರೆ ಟೇಬಲ್ಲಿನಲ್ಲಿ ಕೂತು ಬೈಟು ಕಾಫಿ ಬಿಟ್ಟು ಫುಲ್ ಕಾಫಿ ಕುಡಿಯುತ್ತಿದ್ದಾರೆ. ಸಂಬಂಧ ಎಲ್ಲಿಗೆ ಬಂದಿದೆ ನೋಡಿ.

ಮೇಷ್ಟ್ರ ಮೊದಲ ತಕರಾರು ರಬ್ಬರಿನದ್ದು. 82ರಲ್ಲಿ ಆ ಜೀವಿಯನ್ನು ಕೈಯಲ್ಲೇ ಮಾಡಿದ್ದರು. ರಾಬ್ ಬಾಟಿನ್ ಅನ್ನುವ 22ರ ಹುಡುಗ ರಬ್ಬರು, ಮಯೋನೀಸು, ಬಬಲ್ ಗಮ್ಮು ಏನು ಸಿಕ್ಕಿತೋ ಅದನ್ನೆಲ್ಲಾ ಸೇರಿಸಿ, ಹಗಲು ರಾತ್ರಿ ಕೆಲಸ ಮಾಡಿ, ಕೊನೆಗೆ ಸುಸ್ತಾಗಿ ಆಸ್ಪತ್ರೆ ಸೇರಿದ. ‘ಆಸ್ಪತ್ರೆ ಸೇರಿದ’ ಅನ್ನುವಾಗ ಮೇಷ್ಟ್ರ ಗಂಟಲು ಕಟ್ಟುತ್ತದೆ. ಸ್ವಂತ ತಮ್ಮ ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋಗಿರಲಿಲ್ಲ, ಅದು ಬೇರೆ ಮಾತು.

2011ರಲ್ಲೂ ಹಾಗೇ ಶುರು ಮಾಡಿದ್ದರು. ಅಲೆಕ್ ಗಿಲ್ಲಿಸ್, ಟಾಮ್ ವುಡ್ರಫ್ ಅನ್ನುವ ಇಬ್ಬರು ಕಸುಬುದಾರರ ತಂಡ ರಬ್ಬರಿನಲ್ಲೇ ಜೀವಿಗಳನ್ನು ಮಾಡಿಕೊಟ್ಟಿತ್ತು, ಶೂಟಿಂಗೂ ಆಗಿತ್ತು. ಆಮೇಲೆ ಅದರ ಮೇಲೆ ಬಹುಪಾಲು ಕಂಪ್ಯೂಟರ್ ಚಿತ್ರ ಹೊದಿಸಿಬಿಟ್ಟರು. ಇಷ್ಟು ಸುದ್ದಿ ಗೊತ್ತಾದಾಗ ಜಗತ್ತಿನ ಅಭಿಮಾನಿಗಳೆಲ್ಲಾ ಅತ್ತರು. ಅತ್ತು ಸುಮ್ನೆ ಕೂರಲಿಲ್ಲ. ಅದೇ ಕಸುಬುದಾರರು ಚಂದಾ ಎತ್ತಿದಾಗ ದುಡ್ಡು ಹಾಕಿದರು, ‘ಹಾರ್ಬಿಂಜರ್ ಡೌನ್’ ಅಂತ ಇನ್ನೊಂದು ಸಿನಿಮಾ 2015ರಲ್ಲಿ ಹೊರಗೂ ಬಂತು. ಗಣಪತಿ ಚಂದಾಕ್ಕೆ ಹುಡುಗರು ಬಂದರೆ ಗೇಟಿನ ಚಿಲಕ ಹಾಕುವ ಮೇಷ್ಟ್ರು ಇದನ್ನು ‘ನಾವು ಮಾಡಿದ ಸಿನಿಮಾ’ ಅನ್ನುತ್ತಾರೆ. ಒಂದು ರೂಪಾಯಿ ಕೊಟ್ಟಿಲ್ಲ. ಸಿನಿಮಾ ನೋಡಿಯೂ ಇಲ್ಲ.

ಈ ರಬ್ಬರಿನ ವಿಚಾರದಲ್ಲಿ ಮೊನ್ನೆ ಒಂದು ತಮಾಷೆ ಆಯ್ತು. ಮೇಷ್ಟ್ರು ಟೇಬಲ್ ಕುಟ್ಟಿ, “ಈ ಕಾಲದಲ್ಲಿ ರಬ್ಬರಿಗೆ ಮರ್ಯಾದೆಯೇ ಇಲ್ಲ!” ಅಂದರು. ಪಕ್ಕದಲ್ಲಿ ಮಸಾಲೆ ದೋಸೆ ತಿನ್ನುತ್ತಿದ್ದ ಎನ್.ಆರ್. ಪುರದ ಕಡೆಯ ಬೆಳೆಗಾರರೊಬ್ಬರು ಕುರ್ಚಿ ಸಮೇತ ಈ ಕಡೆ ತಿರುಗಿದರು.

“ಸರಿಯಾಗಿ ಹೇಳಿದ್ರಿ ಸಾರ್. ಟ್ಯಾಪಿಂಗ್ ಕೂಲಿಯೂ ಹುಟ್ಟುವುದಿಲ್ಲ.”

“ಎಷ್ಟು ಕಷ್ಟಪಟ್ಟು ಮಾಡಿರ್ತಾರೆ. ಕೊನೆಗೆ ಕಂಪ್ಯೂಟರ್ ಬಂದು ಎಲ್ಲಾ ಹಾಳು ಮಾಡ್ತು.”

“ಅದೇ ಸಾರ್ ನಾನೂ ಹೇಳೋದು. ಕಂಪ್ಯೂಟರಿನಲ್ಲಿ ತೋರಿಸೋ ರೇಟೇ ಬೇರೆ, ನಮ್ಮ ಕೈಗೆ ಬರೋದೇ ಬೇರೆ.”

“ಮೇಲಿನವರಿಗೆ ಬುದ್ಧಿ ಇಲ್ಲ.”

“ಇಲ್ವೇ ಇಲ್ಲ ಸಾರ್.”

ಬಿಲ್ಲು ಬರುವ ತನಕ ಇಬ್ಬರೂ ಹೀಗೇ ಮಾತಾಡಿದರು. ಎಲ್ಲೂ ಒಂದು ಸಣ್ಣ ಭಿನ್ನಾಭಿಪ್ರಾಯವೂ ಬರಲಿಲ್ಲ. ಆ ಬೆಳೆಗಾರರು ಈಗ 82ರ ಬಣದ ಕಟ್ಟಾ ಸದಸ್ಯರು. ಸಿನಿಮಾ ಅಂತ ಒಂದು ಇದೆ ಅನ್ನುವುದನ್ನು ಅವರಿಗೆ ಯಾರೂ ಹೇಳಿಲ್ಲ, ಹೇಳುವ ಅಗತ್ಯವೂ ಬಂದಿಲ್ಲ.

ಇನ್ನು ಕೊಡಲಿಯ ಪ್ರಕರಣ. 82ರ ಸಿನಿಮಾದಲ್ಲಿ ಅಮೆರಿಕದವರು ಸುಟ್ಟು ಹೋದ ನಾರ್ವೆ ಕ್ಯಾಂಪು ನೋಡಲು ಹೋಗುತ್ತಾರೆ. ಅಲ್ಲಿ ಒಂದು ಕೊಡಲಿ ನಾಟಿಕೊಂಡಿರುತ್ತದೆ, ಒಬ್ಬ ಕೂತಲ್ಲೇ ಕತ್ತು ಕುಯ್ದುಕೊಂಡು ಹೆಪ್ಪುಗಟ್ಟಿರುತ್ತಾನೆ, ಹೊರಗೆ ಎರಡು ಮುಖದ ಒಂದು ಸುಟ್ಟ ಹೆಣ. ಯಾಕೆ, ಏನು, ಒಂದೂ ಹೇಳುವುದಿಲ್ಲ. ಪ್ರೀಕ್ವೆಲ್ ಮಾಡಿದವರು ಪಾಪ ಪರೀಕ್ಷೆಗೆ ಓದಿದವರ ಹಾಗೆ ಒಂದೊಂದಕ್ಕೂ ಉತ್ತರ ಬರೆದಿದ್ದಾರೆ. ಕೊಡಲಿ ಯಾಕೆ ಅಲ್ಲಿ, ಎರಡು ಮುಖ ಹೇಗೆ ಸೇರಿತು, ನಾಯಿ ಎಲ್ಲಿಂದ ಓಡಿತು, ಎಲ್ಲಾ ಲೆಕ್ಕ ಚುಕ್ತಾ. ಅಭಿಮಾನಿಗಳಿಗೆ ಖುಷಿ ಆಯ್ತಾ? ಅರ್ಧ ಜನ ‘ಆಹಾ, ಎಂಥ ಶ್ರದ್ಧೆ’ ಅಂದರು. ಇನ್ನರ್ಧ ಜನ ಎರಡೂ ಸಿನಿಮಾ ನಿಲ್ಲಿಸಿ ನಿಲ್ಲಿಸಿ ನೋಡಿ ತಪ್ಪು ಹುಡುಕಲು ಕೂತರು. ನಮ್ಮ ಮೇಷ್ಟ್ರು ಎರಡನೆಯ ಗುಂಪು. ಸರ್ವೆಯವರು ಜಮೀನಿನ ಹದ್ದುಬಸ್ತಿಗೆ ಬಂದಾಗಲೂ ಇಷ್ಟು ಗಮನ ಕೊಟ್ಟು ನೋಡಿರಲಿಲ್ಲ ಅಂತ ಅವರ ಮನೆಯವರೇ ಹೇಳುತ್ತಾರೆ.

ನನ್ನನ್ನು ಕೇಳಿದರೆ, ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. 2011ರ ಸಿನಿಮಾ ಅಷ್ಟೇನೂ ಕೆಟ್ಟದಲ್ಲ. ಸುಮ್ನೆ ಒಂದು ಮಳೆಯ ರಾತ್ರಿ ನೋಡಿದರೆ ಹೊತ್ತು ಹೋಗುತ್ತದೆ. ಅದರ ತೊಂದರೆ ಕಂಪ್ಯೂಟರ್ ಅಲ್ಲ. ಆ ಕೊಡಲಿ ನಮ್ಮನ್ನು ಹೆದರಿಸಿದ್ದೇ ಅದರ ಕಥೆ ಗೊತ್ತಿರಲಿಲ್ಲ ಅನ್ನುವ ಕಾರಣಕ್ಕೆ. ಕಥೆ ಗೊತ್ತಾದ ಮೇಲೆ ಅದು ಬರೀ ಕೊಡಲಿ. ಆದರೆ ಈ ಮಾತನ್ನು ಹೋಟೆಲಿನಲ್ಲಿ ಹೇಳಿ ನೋಡಿ, ಎರಡೂ ಟೇಬಲ್ಲಿನವರು ಸೇರಿ ನಿಮ್ಮನ್ನು ಬೈಯುತ್ತಾರೆ. ಬಣ ಇಲ್ಲದ ಮನುಷ್ಯನನ್ನು ಕಂಡರೆ ಬಣದವರಿಗೆ ಆಗುವುದಿಲ್ಲ.

ಅಳಿಯನ ವಾದ ಬೇರೆ. ಕೊನೆ ಗೊತ್ತಿದ್ದರೆ ಏನೀಗ ಅನ್ನುತ್ತಾನೆ.

“ಮಾವ, ನೀವು ಮೇಳ ಬಂದಾಗ ಬೆಳಗಿನ ಜಾವದ ತನಕ ಆಟ ನೋಡ್ತೀರಲ್ಲ, ಕೀಚಕ ಸಾಯ್ತಾನೆ ಅಂತ ಗೊತ್ತಿರಲಿಲ್ವಾ?”

“ಕೀಚಕನನ್ನು ಯಾರೂ ಕಂಪ್ಯೂಟರಿನಲ್ಲಿ ಮಾಡಿಲ್ಲ ಮಾರಾಯ!”

ಈ ಉತ್ತರಕ್ಕೆ ಇಡೀ ಹೋಟೆಲು ನಕ್ಕಿತು. ಅಳಿಯ ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ಬಂದವನು ಹೊಸ ಅಸ್ತ್ರ ಹಿಡಿದು ಬಂದ: ಹಲ್ಲು. 82ರಲ್ಲಿ ಯಾರು ಮನುಷ್ಯ, ಯಾರು ಅಲ್ಲ ಅಂತ ಕಂಡುಹಿಡಿಯಲು ರಕ್ತಕ್ಕೆ ಕಾದ ತಂತಿ ಚುಚ್ಚುತ್ತಾರೆ. 2011ರಲ್ಲಿ ಬಾಯಿ ತೆರೆಸಿ ನೋಡುತ್ತಾರೆ. ಆ ಜೀವಿಗೆ ಮಾಂಸ ಮೂಳೆ ನಕಲು ಮಾಡಲು ಬರುತ್ತದೆ, ಹಲ್ಲಿಗೆ ತುಂಬಿದ ಸಿಮೆಂಟು ನಕಲು ಮಾಡಲು ಬರುವುದಿಲ್ಲ. ಹಾಗಾಗಿ ಹಲ್ಲಿಗೆ ಸಿಮೆಂಟು ಹಾಕಿಸಿದವನು ಸಾಚಾ, ಹಲ್ಲು ಚೆನ್ನಾಗಿ ಇಟ್ಟುಕೊಂಡವನ ಮೇಲೆ ಅನುಮಾನ. ಇದು ಎಂಥ ಒಳ್ಳೆ ಐಡಿಯಾ ಅಂತ ಅಳಿಯ. ಇದು ಪರೀಕ್ಷೆಯೇ ಅಲ್ಲ, ದಂತವೈದ್ಯರ ಕ್ಯಾಂಪು ಅಂತ ಮಾವ. ಎಲೆ ಅಡಿಕೆ ಹಾಕುವ ನಮ್ಮ ಜಿಲ್ಲೆಯಲ್ಲಿ ಈ ಪರೀಕ್ಷೆ ಮಾಡಿದರೆ ಅನುಮಾನಕ್ಕೆ ಸಿಗುವವರು ಟೂತ್‌ಪೇಸ್ಟ್ ಜಾಹೀರಾತಿನ ಫ್ಲೆಕ್ಸಿನಲ್ಲಿ ಮಾತ್ರ ಇರುತ್ತಾರೆ.

ಇಷ್ಟೆಲ್ಲಾ ಕೇಳಿದ ಮೇಲೆ, 82ರ ಸಿನಿಮಾ ಬಂದ ದಿನವೇ ಜನ ಆರತಿ ಎತ್ತಿರಬೇಕು ಅಂತ ನೀವು ತಿಳಿದುಕೊಂಡಿರಬಹುದು. ನಡೆದದ್ದು ಉಲ್ಟಾ. 1982ರ ಜೂನ್ 25ಕ್ಕೆ ಅದು ಬಿಡುಗಡೆ ಆಯ್ತು. ಅದಕ್ಕೆ ಎರಡು ವಾರ ಮೊದಲು ಸ್ಪೀಲ್‌ಬರ್ಗ್‌ನ ‘ಇ.ಟಿ.’ ಬಂದು, ಬೇರೆ ಲೋಕದ ಜೀವಿ ಅಂದ್ರೆ ಸೈಕಲ್ ಬುಟ್ಟಿಯಲ್ಲಿ ಕೂರಿಸಿಕೊಂಡು ಹೋಗುವಷ್ಟು ಮುದ್ದು ಅಂತ ಜನರಿಗೆ ಹೇಳಿಕೊಟ್ಟಿತ್ತು. ಕಾರ್ಪೆಂಟರನ ಜೀವಿಗೆ ಮುದ್ದು ಅನ್ನುವುದೇ ಗೊತ್ತಿರಲಿಲ್ಲ. ವಿಮರ್ಶಕರು ಹಿಗ್ಗಾಮುಗ್ಗಾ ಬೈದರು. ಅಸಹ್ಯ ಅಂದರು, ರಕ್ತ ಜಾಸ್ತಿ ಅಂದರು. ಕಾರ್ಪೆಂಟರನ ಕೈಯಲ್ಲಿದ್ದ ಮುಂದಿನ ಸಿನಿಮಾವೂ ಹೋಯ್ತು. ಎನ್ನಿಯೊ ಮೊರಿಕೋನೆಯ ಸಂಗೀತವನ್ನು ಆ ವರ್ಷದ ಅತಿ ಕೆಟ್ಟ ಸಂಗೀತಕ್ಕೆ ಅಣಕದ ಪ್ರಶಸ್ತಿ ಕೊಡುವ ರ‍್ಯಾಜಿ ಪಟ್ಟಿಗೆ ಸೇರಿಸಿದರು. ಅದೇ ಮೊರಿಕೋನೆ ಈ ಸಿನಿಮಾಕ್ಕೆ ಅಂತ ಮಾಡಿ, ಬಳಸದೇ ಉಳಿದಿದ್ದ ಒಂದಷ್ಟು ತುಣುಕುಗಳು ಮುಂದೆ ‘ದ ಹೇಟ್‌ಫುಲ್ ಎಯ್ಟ್’ನಲ್ಲಿ ಸೇರಿದವು, ಆ ಸಿನಿಮಾದ ಸಂಗೀತಕ್ಕೆ 2016ರಲ್ಲಿ ಆಸ್ಕರ್ ಬಂತು.

ಇದನ್ನು ಮೇಷ್ಟ್ರ ಮುಂದೆ ಇಟ್ಟೆ. ಆಗ ಬೈದವರು ಯಾರು ಮೇಷ್ಟ್ರೇ, ನಿಮ್ಮ ಹಾಗೆ ಹಳೆಯದೇ ಚೆನ್ನ ಅನ್ನುತ್ತಿದ್ದವರೇ ತಾನೇ ಅಂದೆ. ಅವರು ಕಾಫಿ ಲೋಟ ಕೆಳಗಿಟ್ಟು ಬಹಳ ಗಂಭೀರವಾಗಿ, “ಅವರಿಗೆ ಗೊತ್ತಿರಲಿಲ್ಲ, ನಮಗೆ ಗೊತ್ತಿದೆ” ಅಂದರು. ಅಳಿಯ ಆ ಟೇಬಲ್ಲಿನಿಂದಲೇ ಕೂಗಿದ: “ಇನ್ನು ಸ್ವಲ್ಪ ವರ್ಷ ತಡೀರಿ ಮಾವ, ನಮ್ಮದಕ್ಕೂ ಹೀಗೇ ಹೇಳ್ತಾರೆ!” ಹೇಳಿದರೂ ಹೇಳಿದರೇ. ಆಗ ಇವನು ಮೇಷ್ಟ್ರ ಕುರ್ಚಿಯಲ್ಲಿ ಕೂತಿರುತ್ತಾನೆ, ಇನ್ಯಾವನೋ ಹುಡುಗನಿಗೆ ‘ನಮ್ಮ ಕಾಲದ ಕಂಪ್ಯೂಟರ್ ದೆವ್ವ ಎಷ್ಟು ಚೆನ್ನಾಗಿತ್ತು ಗೊತ್ತಾ, ಮನುಷ್ಯರು ಕೂತು ಕೈಯಾರೆ ಕ್ಲಿಕ್ ಮಾಡಿ ಮಾಡಿದ್ದು’ ಅಂತ ಪಾಠ ಹೇಳುತ್ತಿರುತ್ತಾನೆ.

‘ಮೂಲ ಸಿನಿಮಾ ಮುಟ್ಟಬೇಡಿ’ ಅನ್ನುವುದು ಮೇಷ್ಟ್ರ ಬಣದ ಘೋಷಣೆ. ಇದಕ್ಕೂ ಒಂದು ಕೊಕ್ಕೆ ಇದೆ. 82ರದ್ದು ಮೂಲವೇ ಅಲ್ಲ. 1951ರಲ್ಲೇ ‘ದ ಥಿಂಗ್ ಫ್ರಮ್ ಅನದರ್ ವರ್ಲ್ಡ್’ ಅಂತ ಬಂದಿತ್ತು. ಅದರಲ್ಲಿ ಕಥೆ ನಡೆಯುವುದು ಉತ್ತರ ಧ್ರುವದ ಕಡೆ, ಜೀವಿ ಗಿಡದ ಜಾತಿಯದ್ದು, ಹೆಚ್ಚು ಕಡಿಮೆ ತರಕಾರಿ. ಅದಕ್ಕೂ ಹಿಂದೆ 1938ರಲ್ಲಿ ಜಾನ್ ಕ್ಯಾಂಪ್‌ಬೆಲ್ ಬರೆದ ಕಥೆ ಇದೆ. ಮೂಲ ಅಂತ ಹೊರಟರೆ ಮೇಷ್ಟ್ರ ಸಿನಿಮಾವೇ ಅತಿಕ್ರಮಣ, ಪಹಣಿಯಲ್ಲಿ ಹೆಸರೇ ಇಲ್ಲ. ಹೀಗೆ ಹೇಳಿದ ಒಬ್ಬ ಸಜ್ಜನರು ‘1938ರ ಬಣ’ ಕಟ್ಟಲು ನೋಡಿದರು. ಸದಸ್ಯರು ಒಬ್ಬರೇ. ಅವರಿಗೆ ಟೇಬಲ್ ಸಿಗಲಿಲ್ಲ, ಗಲ್ಲಾಪೆಟ್ಟಿಗೆಯ ಹತ್ತಿರ ನಿಂತೇ ಕಾಫಿ ಕುಡಿಯುತ್ತಾರೆ.

ಈಗ ವಿಷಯ ಮನವಿ ಪತ್ರದ ತನಕ ಬಂದಿದೆ. ನಮ್ಮ ಕಡೆ ಆನೆ ತೋಟಕ್ಕೆ ನುಗ್ಗಿದರೂ ಮನವಿ, ರಸ್ತೆ ಗುಂಡಿ ಬಿದ್ದರೂ ಮನವಿ, ಹಾಗಿರುವಾಗ ದೆವ್ವಕ್ಕೆ ಯಾಕೆ ಬೇಡ? ಮಾನ್ಯ ಜಿಲ್ಲಾಧಿಕಾರಿಗಳ ಮೂಲಕ ಹಾಲಿವುಡ್ಡಿಗೆ ಅಂತ ತಲೆಬರಹ. ರಬ್ಬರಿನ ಜೀವಿಗಳನ್ನು ಕೂಡಲೇ ಮರುನೇಮಕ ಮಾಡಬೇಕು, ನಾರ್ವೆ ಕ್ಯಾಂಪಿನ ಮೃತರ ಕುಟುಂಬಗಳಿಗೆ ಪರಿಹಾರ ಕೊಡಬೇಕು, ಕೊಡಲಿಯ ಸ್ಥಳ ಮಹಜರು ಮತ್ತೊಮ್ಮೆ ಆಗಬೇಕು. ಎನ್.ಆರ್. ಪುರದವರು ಕೊನೆಯಲ್ಲಿ ಕೆಜಿಗೆ ಬೆಂಬಲ ಬೆಲೆ ಅಂತ ಒಂದು ಸಾಲು ಸೇರಿಸಿದ್ದಾರೆ. ಮೇಷ್ಟ್ರು ಅದನ್ನು ಓದಿ ತಲೆಯಾಡಿಸಿದರು, ಏನೋ ತಾಂತ್ರಿಕ ವಿಚಾರ ಇರಬೇಕು ಅಂದುಕೊಂಡು.

ತೊಡಕು ಬಂದದ್ದು ಟೈಪ್ ಮಾಡುವಾಗ. ‘ಸದರಿ ಸಿನಿಮಾ’ ಅಂತ ಬರೆದರೆ ಯಾವುದು ಸದರಿ? ಎರಡಕ್ಕೂ ಹೆಸರು ಒಂದೇ. ಅಳಿಯನ ಬಣದವರು ಇದೇ ಪತ್ರವನ್ನು ಜೆರಾಕ್ಸ್ ಮಾಡಿಸಿ, ಒಂದಕ್ಷರ ಬದಲಿಸದೆ, ತಮ್ಮ ಮನವಿ ಅಂತ ಸಹಿ ಹಾಕಿಬಿಟ್ಟರು. ಅದು ನಿಮ್ಮದಲ್ಲ, ನಮ್ಮದರ ನಕಲು ಅಂತ ಮೇಷ್ಟ್ರು ಕೂಗಾಡಿದರು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು, ಯಾವುದು ಅಸಲಿ ಅಂತ ಅವರಿಗೇ ಗೊತ್ತಾಗಲಿಲ್ಲ.

ಹಾಗಾಗಿ ಆಜಾದ್ ಪಾರ್ಕಿನಲ್ಲಿ ಒಂದೇ ದಿನ ಎರಡು ಧರಣಿ ಅಂತ ತೀರ್ಮಾನ ಆಗಿದೆ, ಬೆಳಿಗ್ಗೆ ಒಂದು ಬಣ, ಮಧ್ಯಾಹ್ನ ಊಟದ ಮೇಲೆ ಇನ್ನೊಂದು. ಶಾಮಿಯಾನದವನು ಅಡ್ವಾನ್ಸ್ ಕೇಳಿದ್ದಾನೆ. ಮೊದಲು ಬಂದ ಸಿನಿಮಾದವರು ಕೊಡಬೇಕಾ, ಕಥೆಯಲ್ಲಿ ಮೊದಲು ನಡೆದವರು ಕೊಡಬೇಕಾ ಅನ್ನುವಲ್ಲಿಗೆ ಸದ್ಯ ಮಾತುಕತೆ ನಿಂತಿದೆ.